ಗಾಳ ಹಿಡಿದ ಕೈಗೊಂದು ಕೈಪಿಡಿ



ಬಾಸ್ ಮೀನು ಹಿಡಿಯಲು ನಿಮ್ಮದೇ ಕೈಗಳನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ನೀವು ಕೊಂಡ ರಾಡ್ ಜೊತೆ ಒಂದು ಚೀಟಿ ಬಂದಿದೆ. ರೀಲ್ ಜೊತೆ ಐದಾರು ಭಾಷೆಗಳ ಪುಸ್ತಿಕೆ ಬಂದಿದೆ. ಪ್ಲಾಸ್ಟಿಕ್ ಹುಳದ ಪೊಟ್ಟಣದ ಮೇಲೂ ನಾಲ್ಕು ಸಾಲು ಸೂಚನೆಗಳಿವೆ. ಕೈ ಮಾತ್ರ ಯಾವ ಕಾಗದಪತ್ರವೂ ಇಲ್ಲದೆ ಹುಟ್ಟಿನಿಂದ ಹಾಗೇ ಬಂದಿದೆ. ಆ ಕೊರತೆ ತುಂಬಲು ಈ ಪ್ರಕಟಣೆ. ಮೊದಲ ಬಳಕೆಗೆ ಮುನ್ನ ಪೂರ್ತಿ ಓದಿ. ಓದುವುದಿಲ್ಲವೆಂದು ನಮಗೂ ಗೊತ್ತು, ಆದ್ದರಿಂದ ಸಾರಾಂಶವನ್ನು ಇಲ್ಲೇ ಕೊಟ್ಟುಬಿಡುತ್ತೇವೆ: ಮೀನು ಹುಳ ಹಿಡಿದಾಗ ಮೊದಲು ದಾರದ ಸಡಿಲ ಸುತ್ತಿಕೊಳ್ಳಿ, ಆಮೇಲೆ ಜಗ್ಗಿ. ಕೆಳಗಿನದೆಲ್ಲ ಇದನ್ನು ಹಿಂದುಮುಂದು ಮಾಡುವವರಿಗೆ, ಅಂದರೆ ಹೆಚ್ಚುಕಡಿಮೆ ಎಲ್ಲರಿಗೂ.

ಬಳಕೆಯ ಸ್ಥಳ

ಟೆಕ್ಸಸ್‌ನ ಲೇಕ್ ಫೋರ್ಕ್ ಜಲಾಶಯವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸೂಚನೆಗಳನ್ನು ಬರೆಯಲಾಗಿದೆ. ಡಲ್ಲಸ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಡಲ್ಲಸ್ ಪಕ್ಕದ ಪ್ಲೇನೋ, ಫ್ರಿಸ್ಕೋ ಕಡೆಯ ನಮ್ಮ ಕನ್ನಡಿಗರು ಬೆಳಗಿನ ಜಾವ ಫಿಲ್ಟರ್ ಕಾಫಿಯನ್ನು ಫ್ಲಾಸ್ಕಿಗೆ ತುಂಬಿಕೊಂಡು ಹೊರಟರೆ ಬಿಸಿಲೇರುವ ಮೊದಲು ನೀರಿನ ಮೇಲಿರಬಹುದು. ಸುಮಾರು 27,000 ಎಕರೆ ನೀರು. ಜಲಾಶಯ ತುಂಬಿಸುವಾಗ ಸಾಕಷ್ಟು ಮರಗಳನ್ನು ಕಡಿಯದೆ ಬಿಟ್ಟದ್ದರಿಂದ ಇಂದಿಗೂ ಬೋಳು ಬೊಡ್ಡೆಗಳು ನೀರೊಳಗೆ ನಿಂತಿವೆ. ಬಾಸ್ ಅವುಗಳ ಮರೆಯಲ್ಲಿ ಕಾಯುತ್ತದೆ, ನಿಮ್ಮ ಗಾಳ ಅವುಗಳಲ್ಲೇ ಸಿಕ್ಕಿಕೊಳ್ಳುತ್ತದೆ.

ಟೆಕ್ಸಸ್ ರಾಜ್ಯದ ದಾಖಲೆಯ ಬಾಸ್ 1992ರ ಜನವರಿಯಲ್ಲಿ ಸಿಕ್ಕಿದ್ದು ಇಲ್ಲೇ. ತೂಕ 18.18 ಪೌಂಡ್. ಅದನ್ನು ಹಿಡಿದಾತ ಬಾಸ್ ಹುಡುಕಿಕೊಂಡು ಬಂದವನಲ್ಲ. ಕ್ರಾಪಿ ಎಂಬ ಸಣ್ಣ ಮೀನಿಗೆಂದು ಜೀವಂತ ಮರಿಮೀನು ಸಿಕ್ಕಿಸಿ ಕುಳಿತಿದ್ದ. ಹೀಗಾಗಿ ಆ ದಾಖಲೆಯಿಂದ ಈ ಕೈಪಿಡಿಗೆ ಯಾವ ಸಹಾಯವೂ ಇಲ್ಲ.

ಜೋಡಣೆ

ಪ್ಲಾಸ್ಟಿಕ್ ಹುಳ ಮಾರುಕಟ್ಟೆಗೆ ಬಂದದ್ದು 1949ರಲ್ಲಿ, ಓಹಾಯೋದ ಏಕ್ರನ್ ಊರಿನ ನಿಕ್ ಕ್ರೀಮ್ ಎಂಬಾತನ ಕೈಯಿಂದ. ಮುಂದೆ ಅವನ ಕಾರ್ಖಾನೆ ನಮ್ಮ ಜಲಾಶಯಕ್ಕೆ ದೂರವಲ್ಲದ ಟೈಲರ್ ಊರಿಗೇ ಬಂತು. ಬೊಡ್ಡೆಗಳ ನಡುವೆ ಸಿಕ್ಕಿಕೊಳ್ಳದಂತೆ ಗಾಳದ ಮೊನೆಯನ್ನು ಹುಳದೊಳಗೇ ಹುದುಗಿಸುವ ಪದ್ಧತಿಗೂ ಈ ರಾಜ್ಯದ್ದೇ ಹೆಸರು: ಟೆಕ್ಸಸ್ ರಿಗ್. ಗಾಳ ನಾಟುವ ಕೆಲಸ ಕೆಡುವುದು ಮೀನಿನ ಬಾಯಲ್ಲಿ ಎಂದು ನೀವು ಭಾವಿಸಿದ್ದೀರಿ. ಅದು ಕೆಡುವುದು ಇಲ್ಲಿ, ದೋಣಿಯ ಸೀಟಿನ ಮೇಲೆ, ನಿಮ್ಮ ತೊಡೆಯ ಮೇಲಿಟ್ಟುಕೊಂಡ ಪೊಟ್ಟಣದ ಬಳಿ.

ಬುಲೆಟ್ ಆಕಾರದ ತೂಕವನ್ನು ಚೂಪು ತುದಿ ಮೇಲಾಗುವಂತೆ ದಾರಕ್ಕೆ ಪೋಣಿಸಿ, ಗಾಳ ಕಟ್ಟಿ. ಬಿಗಿಯುವ ಮೊದಲು ಗಂಟಿಗೆ ಎಂಜಲು ಹಚ್ಚಿ. ಒಣ ಗಂಟು ಬಿಗಿಯುವಾಗಲೇ ದಾರ ಸವೆಯುತ್ತದೆ. ಮಡಿ-ಮೈಲಿಗೆ ಇರುವವರು ಕೆರೆಯ ನೀರು ಬಳಸಬಹುದು. ಈಗ ಮೊನೆಯನ್ನು ಹುಳದ ತಲೆಗೆ ಕಾಲು ಅಂಗುಲ ಚುಚ್ಚಿ ಪಕ್ಕದಿಂದ ಹೊರತೆಗೆಯಿರಿ. ಗಾಳದ ಕಣ್ಣು ತಲೆಯೊಳಗೆ ಮರೆಯಾಗುವವರೆಗೆ ಹುಳವನ್ನು ಮೇಲಕ್ಕೆ ಸರಿಸಿ, ಗಾಳವನ್ನು ಅರ್ಧ ಸುತ್ತು ತಿರುಗಿಸಿ. ಹುಳ ನೇರವಾಗಿ ಜೋತುಬಿದ್ದಾಗ ಗಾಳದ ಬಾಗು ಎಲ್ಲಿ ತಾಗುತ್ತದೋ ಸರಿಯಾಗಿ ಅಲ್ಲೇ ಮೊನೆಯನ್ನು ಹೊಟ್ಟೆಯಿಂದ ಬೆನ್ನಿಗೆ ತೂರಿಸಿ. ಒಂದೆಳೆ ಹೆಚ್ಚುಕಡಿಮೆಯಾದರೂ ಹುಳ ಸೊಟ್ಟಗಾಗಿ ನೀರಿನಲ್ಲಿ ಗಿರಗಿರನೆ ಸುತ್ತುತ್ತದೆ, ದಾರ ಮುರುಟಿಕೊಳ್ಳುತ್ತದೆ.

ಕೊನೆಯ ಹೆಜ್ಜೆಯೇ ಮುಖ್ಯ. ಬೆನ್ನಿನಿಂದ ಹೊರಬಂದ ಮೊನೆಯನ್ನು ಮತ್ತೆ ಒಳಗೆ ಹೂತುಹಾಕಬೇಡಿ. ಬೆನ್ನಿನ ತೆಳು ಸಿಪ್ಪೆಗೆ ತುಸುವೇ ಸಿಕ್ಕಿಸಿ, ಬೆರಳಾಡಿಸಿದರೆ ಮೊನೆ ಇರುವುದು ಗೊತ್ತಾಗಬೇಕು, ಚುಚ್ಚಬಾರದು. ದಪ್ಪ ಪ್ಲಾಸ್ಟಿಕ್ಕಿನ ನಡುವೆ ಮೊನೆ ಕುಳಿತರೆ ನೀವು ಜಗ್ಗಿದ ಬಲವೆಲ್ಲ ಹುಳವನ್ನು ಸೀಳುವುದಕ್ಕೇ ಖರ್ಚಾಗಿ, ಮೀನಿನ ದವಡೆಗೆ ತಲುಪುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಗಾಳದ ಅಳತೆಯ ವಿಷಯಕ್ಕೆ ಅಂಗಡಿಯವರೊಡನೆ ವಾದ ಬೇಡ. ಏಳಂಗುಲದ ಸಪೂರ ಹುಳಕ್ಕೆ 3/0 ಅಥವಾ 4/0 ಸಾಕು. ಹುಳ ದಪ್ಪವಾದಷ್ಟೂ ಗಾಳದ ಬಾಯಿ ಅಗಲವಾಗಬೇಕು, ಏಕೆಂದರೆ ಜಗ್ಗಿದಾಗ ಮುದ್ದೆಯಾಗುವ ಪ್ಲಾಸ್ಟಿಕ್ಕಿಗೂ ಅಲ್ಲಿ ಜಾಗ ಬೇಕು, ಮೀನಿನ ದವಡೆಗೂ ಬೇಕು. ಹರಿತ ನೋಡಲು ಮೊನೆಯನ್ನು ಉಗುರಿನ ಮೇಲೆ ಎಳೆಯಿರಿ. ಜಾರಿದರೆ ಮೊಂಡು, ಕಚ್ಚಿ ನಿಂತರೆ ಸರಿ. ಬೊಡ್ಡೆಗೆ ತಾಗಿ ಬಂದ ಪ್ರತಿ ಸಲವೂ ಈ ಪರೀಕ್ಷೆ ಮಾಡಿ.

ಬಳಸುವ ವಿಧಾನ

ಬಾಸ್ ಕಚ್ಚುವುದು ಅಪರೂಪ, ಅದು ಹೀರುತ್ತದೆ. ದೊಡ್ಡ ಬಾಯಿಯನ್ನು ಫಕ್ಕನೆ ತೆರೆದಾಗ ನೀರಿನೊಂದಿಗೆ ಹುಳವೂ ಒಳಗೆ ಹೋಗುತ್ತದೆ. ರುಚಿಸದಿದ್ದರೆ ಅಷ್ಟೇ ಬೇಗ ಉಗುಳಿಬಿಡುತ್ತದೆ. ಉಗುಳುವುದು ತಡವಾಗಲಿ ಎಂದೇ ತಯಾರಕರು ಪ್ಲಾಸ್ಟಿಕ್ಕಿಗೆ ಉಪ್ಪು ಬೆರೆಸುತ್ತಾರೆ. ಈ ನಡುವೆ ನಿಮಗೆ ತಿಳಿಯುವುದು ಇಷ್ಟೇ: ಬೆರಳಿಗೆ ಒಂದು ‘ಟಕ್’, ಇಲ್ಲವೇ ದಾರ ಪಕ್ಕಕ್ಕೆ ಸರಿಯುವುದು, ಇಲ್ಲವೇ ಇದ್ದ ಭಾರ ಇದ್ದಕ್ಕಿದ್ದಂತೆ ಮಾಯವಾಗುವುದು. ಕೊನೆಯದನ್ನು ಹೊಸಬರು ಗಮನಿಸುವುದೇ ಇಲ್ಲ. ಹುಳ ಬಾಯಲ್ಲಿಟ್ಟುಕೊಂಡ ಮೀನು ನಿಮ್ಮ ಕಡೆಗೇ ಈಜಿ ಬರುತ್ತಿರುತ್ತದೆ, ನೀವು ಕಾಫಿ ಬಗ್ಗಿಸಿಕೊಳ್ಳುತ್ತಿರುತ್ತೀರಿ.

‘ಟಕ್’ ಎಂದ ಕೂಡಲೇ ನಿಮ್ಮ ಬಲಗೈ ಆಕಾಶಕ್ಕೆ ಹಾರಲು ಬಯಸುತ್ತದೆ. ಅದು ತಯಾರಿಕಾ ದೋಷ. ದಾರದಲ್ಲಿ ಮೂರಡಿ ಸಡಿಲವಿದ್ದರೆ ರಾಡ್ ಮೂರಡಿ ಮೇಲೇರಿದರೂ ಗಾಳ ಕದಲುವುದಿಲ್ಲ, ಮೀನಿಗೆ ಮಾತ್ರ ಸುಳಿವು ಸಿಗುತ್ತದೆ. ಹಾರುವ ಬದಲು ರಾಡ್ ತುದಿಯನ್ನು ಮೀನಿನ ಕಡೆಗೆ ಬಗ್ಗಿಸಿ, ಭಾರ ತಟ್ಟುವವರೆಗೆ ರೀಲ್ ಸುತ್ತಿ. ಭಾರ ತಟ್ಟಿತೇ? ಈಗ ಮೊಣಕೈ ಪಕ್ಕೆಗೆ ಅಂಟಿಸಿಕೊಂಡು, ಗಡಿಯಾರದ ಲೆಕ್ಕದಲ್ಲಿ ಹತ್ತರಿಂದ ಹನ್ನೆರಡಕ್ಕೆ ಒಂದೇ ಏಟಿಗೆ ಎತ್ತಿ, ಸುತ್ತುತ್ತಲೇ ಇರಿ. ಬಗ್ಗಿಸು, ಸುತ್ತು, ಜಗ್ಗು: ಬರೆಯಲು ಮೂರು ಕೆಲಸ, ಮಾಡುವಾಗ ಒಂದೇ ಉಸಿರು. ವಿವರಕ್ಕೆ ಚಿತ್ರ 3 ನೋಡಿ. ಚಿತ್ರ 3 ಮುದ್ರಣದಲ್ಲಿ ಬಿಟ್ಟುಹೋಗಿದೆ.

ಮೀನು ಹುಳ ಹೊತ್ತು ಸ್ವಲ್ಪ ದೂರ ಓಡಲಿ, ಆಮೇಲೆ ಜಗ್ಗಿ ಎಂಬುದು ಹಳಬರ ಮತ. ಆ ಮತವನ್ನು ಈ ಪ್ರಕಟಣೆ ಒಪ್ಪುವುದಿಲ್ಲ. ಹಾಗೆ ಕಾದರೆ ಗಾಳ ಗಂಟಲಿಗಿಳಿಯುತ್ತದೆ, ಬಿಟ್ಟರೂ ಆ ಮೀನು ಬದುಕುವುದು ಕಷ್ಟ.

ಟೀವಿಯ ಪಂದ್ಯಗಳಲ್ಲಿ ಕಾಣುವ ಭಯಂಕರ ಜಗ್ಗಾಟವನ್ನು ನಕಲು ಮಾಡಬೇಡಿ. ಅವರ ಕೈಯಲ್ಲಿರುವುದು ಹಿಗ್ಗದ ಹೆಣೆದ ದಾರ, ದಪ್ಪ ತಂತಿಯ ಗಾಳ; ಎಸೆಯುವುದು ಹತ್ತಿಪ್ಪತ್ತು ಅಡಿ ದೂರದ ಪೊದೆಗೆ. ಅದೇ ಏಟನ್ನು ಸಪೂರ ದಾರಕ್ಕೆ ಕೊಟ್ಟರೆ ಗಂಟು ಹೋಗುತ್ತದೆ. ನೈಲಾನ್ ದಾರ ಹಿಗ್ಗುತ್ತದೆ. ಆದ್ದರಿಂದ ಬಲು ದೂರ ಎಸೆದಾಗ ಮೇಲಕ್ಕೆ ಎತ್ತುವ ಬದಲು ರಾಡನ್ನು ಪಕ್ಕಕ್ಕೆ ಉದ್ದನೆ ಬೀಸಿ. ಇನ್ನು ಮೊನೆ ಬಯಲಿಗಿರುವ ತೆಳು ಗಾಳವಾದರೆ, ಉದಾಹರಣೆಗೆ ಹುಳದ ನಡುವಿಗೆ ಅಡ್ಡಡ್ಡ ಸಿಕ್ಕಿಸುವ ವ್ಯಾಕಿ ರಿಗ್‌ಗೆ, ಜಗ್ಗುವುದೇ ಬೇಡ. ಜೋರಾಗಿ ಸುತ್ತುತ್ತ ರಾಡಿನ ಮೇಲೆ ಒರಗಿದರೆ ಸಾಕು. ಇದನ್ನು ನಂಬುವವರು ಕಡಿಮೆ, ಏಕೆಂದರೆ ಜಗ್ಗದಿದ್ದರೆ ಗಂಡಸುತನಕ್ಕೆ ಕುಂದು ಎಂದು ಯಾರೋ ಹೇಳಿಕೊಟ್ಟಿದ್ದಾರೆ.

ದೂರು ಮತ್ತು ಪರಿಹಾರ

ಜಗ್ಗಿದೆ, ಮೀನು ಕದಲುತ್ತಿಲ್ಲ: ಅದು ಬೊಡ್ಡೆ. ಫೋಟೋ ತೆಗೆಯಬೇಡಿ.

ಟಕಟಕಟಕ ಎನ್ನುತ್ತದೆ, ಜಗ್ಗಿದರೆ ಅರ್ಧ ಬಾಲ ಬರುತ್ತದೆ: ಬ್ಲೂಗಿಲ್ ಎಂಬ ಅಂಗೈಯಗಲದ ಮೀನು ಬಾಲ ಮೆಲ್ಲುತ್ತಿದೆ. ಜಾಗ ಬದಲಿಸಿ.

ಜಗ್ಗಿದಾಗ ರೀಲ್ ಕಿರ್ರೆಂದು ದಾರ ಬಿಡುತ್ತದೆ: ದಾರವನ್ನು ಬಿಗಿಹಿಡಿಯುವ ಡ್ರ್ಯಾಗ್ ಸಡಿಲವಾಗಿದೆ. ದಪ್ಪ ಗಾಳಕ್ಕೆ ಬಿಗಿಮಾಡಿ.

ಮನೆಯಿಂದ ಫೋನ್ ಬಂತು, “ರೀ, ಅಂಗಡಿಯಲ್ಲಿ ಕ್ಲೀನ್ ಮಾಡಿಟ್ಟಿರೋ ಮೀನು ಸಿಗುತ್ತಲ್ಲ?”: ಈ ದೂರಿಗೆ ಪರಿಹಾರ ಲಭ್ಯವಿಲ್ಲ.

ಎಚ್ಚರಿಕೆ

ಇಲ್ಲಿ ತಮಾಷೆ ಇಲ್ಲ. ಗಾಳ ನಾಟದೆ ತಪ್ಪಿದಾಗ ತೂಕವೂ ಗಾಳವೂ ಜಗ್ಗಿದಷ್ಟೇ ವೇಗದಲ್ಲಿ ನಿಮ್ಮ ಮುಖಕ್ಕೇ ಹಿಂತಿರುಗುತ್ತವೆ. ಮೋಡವಿದ್ದರೂ ಕನ್ನಡಕ ತೆಗೆಯಬೇಡಿ, ಪಕ್ಕದಲ್ಲಿ ಕುಳಿತವರಿಗೂ ಒಂದು ಕೊಡಿ. ನಿಂತು ಜಗ್ಗುವವರು ಲೈಫ್ ಜಾಕೆಟ್ ತೊಟ್ಟಿರಲಿ. ಮೀನು ತಪ್ಪಿದಾಗ ಹಿಂದಕ್ಕೆ ಬೀಳುವುದು ಹೊಸದೇನಲ್ಲ.

ವಾರಂಟಿ

ತಪ್ಪಿಸಿಕೊಂಡ ಮೀನಿಗೆ ವಾರಂಟಿ ಅನ್ವಯಿಸುವುದಿಲ್ಲ. ಬಾಸ್‌ನ ವಿಶ್ವದಾಖಲೆ 22 ಪೌಂಡ್ 4 ಔನ್ಸ್, ಜಾರ್ಜಿಯಾದಲ್ಲಿ ಜಾರ್ಜ್ ಪೆರಿ 1932ರಲ್ಲಿ ಹಿಡಿದದ್ದು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಮೀನು ಅದಕ್ಕಿಂತ ಒಂದು ಔನ್ಸ್‌ನಷ್ಟು ಹೆಚ್ಚಿತ್ತು. ಆದರೆ ದಾಖಲೆ ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮದಿಂದ ಇಬ್ಬರಿಗೂ ಸಮಪಾಲಾಯಿತು. ತಕ್ಕಡಿಗೆ ಬಂದ ಮೀನಿಗೇ ಇಷ್ಟು ಕಟ್ಟುನಿಟ್ಟಿರುವಾಗ, ತಪ್ಪಿಸಿಕೊಂಡದ್ದರ ಗಾತ್ರವನ್ನು ಎರಡು ಕೈ ಅಗಲಿಸಿ ತೋರಿಸುವ ಅರ್ಜಿಗಳನ್ನು ಸ್ವೀಕರಿಸಲಾಗದು.

ಸಿಕ್ಕಿದ್ದರ ಬಗ್ಗೆಯೂ ಒಂದು ಮಾತು. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಅಂಗುಲದ ನಡುವಿನ ಬಾಸ್ ಅನ್ನು ಇಟ್ಟುಕೊಳ್ಳುವಂತಿಲ್ಲ, ನೀರಿಗೇ ಬಿಡಬೇಕು. ಉಡುಪಿಯಿಂದ ಬಂದ ಮಾವನವರನ್ನು ದೋಣಿಗೆ ಹತ್ತಿಸಿದ್ದರೆ ಇದನ್ನು ಮೊದಲೇ ತಿಳಿಸಿ. ಇಲ್ಲದಿದ್ದರೆ, “ಬಿಡ್ಲಿಕ್ಕಾ? ಹಾಗಾದ್ರೆ ಹಿಡಿದದ್ದು ಎಂತಕ್ಕೆ ಮಾರಾಯ್ರೆ?” ಎಂಬ ಪ್ರಶ್ನೆಗೆ ನೀರಿನ ನಡುವೆ ಉತ್ತರ ಹುಡುಕಬೇಕಾಗುತ್ತದೆ. ಟೆಕ್ಸಸ್‌ನಲ್ಲಿ ಹದಿನೇಳು ತುಂಬಿದವರಿಗೆ ಮೀನು ಹಿಡಿಯುವ ಲೈಸೆನ್ಸ್ ಬೇಕು. ಹೊರಡುವ ಮುನ್ನ ಅದನ್ನೂ ಒಂದು ಅಳತೆಪಟ್ಟಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.