ಸೊಂಟದ ಸಂಸಾರ

ಓಡುತ್ತೋಡುತ್ತ ಗುಂಡು ಹಾರಿಸುವ ಪಂದ್ಯಗಳ ಒಕ್ಕೂಟ ಐಪಿಎಸ್‌ಸಿ 1976ರಲ್ಲಿ ಹುಟ್ಟಿತು. ಆ ಪಂದ್ಯಗಳಲ್ಲಿ ಎರಡೆರಡು ಬೆಲ್ಟು: ಒಳಗಿನದು ಪ್ಯಾಂಟಿಗೆ, ಹೊರಗಿನದು ವೆಲ್ಕ್ರೋದಿಂದ ಅದಕ್ಕಂಟಿ ಪಿಸ್ತೂಲು, ಮ್ಯಾಗಜಿನ್‌ಗಳನ್ನು ಹೊರುತ್ತದೆ. ಹಾವೇರಿ ಕಡೆಯ ಹೊಸರಿತ್ತಿಯ ಹಿರಿಯರಿಗೆ ಇದರಲ್ಲೇನು ಹೊಸದು? ಒಳಗೆ ಉಡದಾರ, ಮೇಲೆ ದೋತರ, ಅದರ ಮೇಲೆ ಜೇಬಿನ ಬೆಲ್ಟು. ಉಡದಾರಕ್ಕೆ ತಿಜೋರಿ ಕೀಲಿ, ಸೊಂಟಕ್ಕೆ ಎಲಿ-ಅಡಿಕಿ ಸಂಚಿ, ಬೆಲ್ಟಿಗೆ ಮೊಬೈಲು ಚೀಲ.

ತಕರಾರು ಈ ಚೀಲದ್ದೇ. ಕ್ಲಿಪ್ಪಿನದೋ, ಲೂಪಿನದೋ? ಕ್ಲಿಪ್ಪಿನದು ಸಿಕ್ಕಿಸಲು ಸಲೀಸು. ಆದರೆ ಹಾವೇರಿ ಬಸ್ಸಿನ ನೂಕಾಟದಲ್ಲಿ ನಮಗಿಂತ ಮೊದಲೇ ಇಳಿದುಬಿಡುತ್ತದೆ. ಲೂಪಿನದು ಬೆಲ್ಟಿಗೇ ಪೋಣಿಸುವಂಥದ್ದು, ಅಲುಗದು. ಹಾಕಲು ಮರೆತಿದ್ದರೆ ಮಾತ್ರ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ, ನಾಲ್ಕು ಮಂದಿಯೆದುರು, ಬೆಲ್ಟನ್ನೇ ಬಿಚ್ಚಬೇಕು. (ದೋತರದವರ ಪಾಡು ಕೇಳಲೇಬೇಡಿ.)

ನನ್ನ ಕೇಳಿದರೆ ಲೂಪೇ ಸರಿ. ಮನೆಯಲ್ಲೇ ಹಾಕಿಕೊಂಡು ಹೊರಡ್ರಿ.