ನಂದಿಬೆಟ್ಟದಲ್ಲೊಬ್ಬ ಸಸ್ಯಪಂಡಿತ

ನಂದಿಬೆಟ್ಟಕ್ಕೆ ಜನ ಹೋಗುವುದು ಸೂರ್ಯೋದಯ ನೋಡಲು. ನಾನು ಹೊರಟಿದ್ದು ಮರ ನೋಡಲು. ಸೂರ್ಯ ನಮ್ಮ ಟೆರೇಸಿನ ಮೇಲೂ ಹುಟ್ಟುತ್ತಾನೆ. 1478 ಮೀಟರ್ ಎತ್ತರದ ಕೋಟೆಯೊಳಗೆ ತೋಟಗಾರಿಕೆ ಇಲಾಖೆ ಸಾಕಿಕೊಂಡು ಬಂದ ಗಿಡಮರಗಳು ಎಲ್ಲಿ ಸಿಗುತ್ತವೆ ಎಂದು ಮನೆಯಲ್ಲಿ ಭಾಷಣ ಮಾಡಿದ್ದೆ. ಬೆಳಗಿನ ಜಾವ ಮೂರಕ್ಕೆ ಏಳುವ ತ್ರಾಣವಿಲ್ಲ ಎಂಬುದನ್ನು ಇದಕ್ಕಿಂತ ಗಂಭೀರವಾಗಿ ಹೇಳಲು ಸಾಧ್ಯವಿರಲಿಲ್ಲ.

ರಸ್ತೆ ಬೇಡ, ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲೇ ಸರಿ ಎಂದವನೂ ನಾನೇ. ಸಾವಿರಕ್ಕೂ ಮೀರಿದ ಮೆಟ್ಟಿಲುಗಳು. ಸ್ವಲ್ಪ ಹತ್ತುವಷ್ಟರಲ್ಲೇ ಇತಿಹಾಸ ಹೇಳಲು ಶುರುಮಾಡಿದೆ. ಇತಿಹಾಸ ಹೇಳುವವನು ನಿಂತರೆ ಯಾರೂ ಆಕ್ಷೇಪಿಸುವುದಿಲ್ಲ ನೋಡಿ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಈ ಕೋಟೆ ಗೆಲ್ಲಲು ಸುಮಾರು ಮೂರು ವಾರ ಒದ್ದಾಡಿತಂತೆ. ಯಾಕೆಂಬುದು ನನ್ನ ಮೊಣಕಾಲಿಗೆ ಚೆನ್ನಾಗಿ ಅರ್ಥವಾಯಿತು.

“ಅವರು ಫಿರಂಗಿ ಹೊತ್ಕೊಂಡು ಬಂದಿದ್ರಪ್ಪ, ನೀನು ಬರೀ ಹೊಟ್ಟೆ ಹೊತ್ಕೊಂಡು ಬಂದಿದ್ದೀಯ,” ಎಂದಳು ಮಗಳು.

ಮೇಲೆ ದಟ್ಟ ಮಂಜು. ಟಿಪ್ಪು ಡ್ರಾಪ್ ಹತ್ತಿರ ಜನ ಏನೂ ಕಾಣದ ಬಿಳುಪಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಿದ್ದರು. 1936ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಇಲ್ಲಿ ತಂಗಿದ್ದರು ಎಂದು ಹೇಳುತ್ತಲೇ ನಾನೂ ಒಂದು ಕಲ್ಲುಬೆಂಚಿನ ಮೇಲೆ ಕುಸಿದೆ.

ಎದುರಿಗೇ ಒಂದು ದೈತ್ಯ ಮರ. ತೊಗಟೆ ಉದ್ದುದ್ದ ಸುಲಿದು ಜೋತಾಡುತ್ತಿತ್ತು. ಒಳಗಿನ ಕಾಂಡ ಬೂದುಬಿಳುಪು, ಮುಟ್ಟಿದರೆ ತಣ್ಣಗೆ, ನುಣ್ಣಗೆ. ಎಲೆಯಿಂದ ಮಂಜು ತೊಟ್ಟಿಕ್ಕುತ್ತಿತ್ತು. ಬಿದ್ದ ಎಲೆಯೊಂದನ್ನು ಹೊಸಕಿ, ಕಣ್ಣುಮುಚ್ಚಿ ಮೂಸಿದೆ. “ಅಪರೂಪದ ಔಷಧಿ ಮರ. ಲ್ಯಾಟಿನ್ ಹೆಸರು ನಾಲಿಗೆ ತುದೀಲೇ ಇದೆ,” ಎಂದೆ. ಅಕ್ಕಪಕ್ಕದ ನಾಲ್ಕು ಜನವೂ ಕಿವಿಗೊಟ್ಟರು.

ಕಸ ಗುಡಿಸುತ್ತಿದ್ದ ಅಮ್ಮ ಪೊರಕೆ ನಿಲ್ಲಿಸಿದರು. “ನೀಲಗಿರಿ ಸಾ ಅದು. ನಮ್ಮ ಹೊಲದ ಬದಿನಾಗೂ ಐತೆ. ಇರೋಬರೋ ನೀರೆಲ್ಲ ಕುಡೀತದೆ.”

ಭಾರತಕ್ಕೆ ನೀಲಗಿರಿ ಮೊದಲು ಬಂದದ್ದೇ ಈ ಬೆಟ್ಟದ ಟಿಪ್ಪುವಿನ ತೋಟಕ್ಕೆ, 1790ರ ಸುಮಾರಿಗೆ ಎಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಅದರ ಎಣ್ಣೆಯನ್ನು ದಿನಾ ರಾತ್ರಿ ಮೊಣಕಾಲಿಗೆ ತಿಕ್ಕಿಕೊಂಡು ಮಲಗುವವನು ನಾನು. ಹೆಂಡತಿ ಏನೂ ಅನ್ನಲಿಲ್ಲ. ಮೂಗು ಮಾತ್ರ ಒರೆಸಿಕೊಂಡಳು.

ನನ್ನ ಉಪನ್ಯಾಸದ ಹೊತ್ತಿನಲ್ಲಿ ಒಂದು ಕೋತಿ ಚಿತ್ರಾನ್ನದ ಡಬ್ಬಿ ಬಿಚ್ಚಿಯಾಗಿತ್ತು. ಕಡಲೆಬೀಜವನ್ನು ಒಂದೊಂದಾಗಿ ಆರಿಸಿ ತಿಂದು, ಒಗ್ಗರಣೆಯ ಮೆಣಸಿನಕಾಯಿಗಳನ್ನು ಮುಚ್ಚಳದ ಮೇಲೆ ಸಾಲಾಗಿ ಇಟ್ಟಿತು. ಪರಿಸರದ ವಿಷಯದಲ್ಲಿ ಅದಕ್ಕೆ ನನಗಿಂತ ಖಚಿತ ಜ್ಞಾನವಿದ್ದಂತೆ ಕಂಡಿತು. ಕೋತಿಗಳಿಗೆ ತಿಂಡಿ ಕೊಡಬಾರದು ಎಂಬುದು ಗೊತ್ತಿತ್ತು. ಕೇಳದೆ ತೆಗೆದುಕೊಂಡರೆ ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ.

ನೀವು ಹೋಗುವುದಾದರೆ ವಾರದ ನಡುವೆ ಹೋಗಿ. ಶನಿವಾರ, ಭಾನುವಾರ ಬೆಟ್ಟಕ್ಕಿಂತ ಕಾರುಗಳೇ ಹೆಚ್ಚು ಕಾಣುತ್ತವೆ. ಮೆಟ್ಟಿಲಿನ ಚಪಲವಿದ್ದರೆ ಇಳಿಯುವಾಗ ತೀರಿಸಿಕೊಳ್ಳಿ. ಹತ್ತಲು ಬೆಂಗಳೂರಿನಿಂದ ಸರ್ಕಾರಿ ಬಸ್ಸಿದೆ.