ಶಾಲೆಯಲ್ಲಿ ಈ ವಾರ ಎಂತ ಆಯ್ತು?

ಆಟಿಯ ಮಳೆ ಒಂದು ಗಳಿಗೆ ಬಿಟ್ಟಿತೆಂದರೆ ನೆರೆಮನೆಯ ಅಕ್ಕ ತಡಮೆಯ ಹತ್ತಿರ ಬಂದು ನಿಲ್ಲುತ್ತಾರೆ. ಅವರ ಸೆರಗಿನಲ್ಲಿ ಒಂದಿಷ್ಟು ತಗಟೆ ಸೊಪ್ಪೋ ತಿಮರೆಯೋ ಇರುತ್ತದೆ. ನಾನು ಈಚೆಯಿಂದ ನಾಲ್ಕು ಬಾಳೆಕಾಯಿ ದಾಟಿಸುತ್ತೇನೆ. ಕೊಟ್ಟು ತೆಗೆದುಕೊಳ್ಳುವುದು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮಾತು ಮುಗಿಯಬೇಕಾದರೆ ಮುಂದಿನ ಮಳೆಯೇ ಬರಬೇಕು.

ಮೊನ್ನೆಯ ಮಾತು ಆಸ್ಟ್ರೇಲಿಯಾದ್ದು. ಅಕ್ಕನ ಮಗಳು, ಅಳಿಯ ನ್ಯೂ ಸೌತ್ ವೇಲ್ಸ್‌ನ ಒಳನಾಡಿನಲ್ಲಿ, ಗೋಧಿ ಬೆಳೆಯುವ ಒಂದು ಸಣ್ಣ ಊರಿನಲ್ಲಿದ್ದಾರೆ. ಪುಳ್ಳಿ ಅಲ್ಲಿಯ ಸರಕಾರಿ ಶಾಲೆಯಲ್ಲಿ 3ನೇ ತರಗತಿ. ಆ ಶಾಲೆಯಿಂದ ವಾರಕ್ಕೊಂದು ಸುದ್ದಿಹಾಳೆ ಮನೆಮನೆಗೆ ಬರುತ್ತದಂತೆ. ಮೊದಲು ಕಾಗದದಲ್ಲಿ ಬರುತ್ತಿದ್ದದ್ದು ಈಗ ಫೋನಿಗೆ ಬರುತ್ತದೆ. ಮಗಳು ಫೋನಿನಲ್ಲಿ ಅದನ್ನು ತುಳುವಿಗೆ ಮಾಡಿ ಓದುತ್ತಾಳೆ, ಅಕ್ಕ ಇಲ್ಲಿ ಜಗಲಿಯಲ್ಲಿ ಕೂತು ಕೇಳುತ್ತಾರೆ. ಯಾವ ಮಗುವಿಗೆ ಈ ವಾರ ಮೆಚ್ಚುಗೆಯ ಚೀಟಿ ಸಿಕ್ಕಿತು, ಯಾರ ಟೊಪ್ಪಿ ಶಾಲೆಯಲ್ಲಿ ಬಿದ್ದುಕೊಂಡಿದೆ, ಮುಂದಿನ ವಾರ ಕ್ಯಾಂಟೀನಿನ ಕೆಲಸಕ್ಕೆ ಯಾವ ತಾಯಂದಿರು ಬರಬೇಕು, ಓಟದ ಸ್ಪರ್ಧೆ ಯಾವತ್ತು, ಎಲ್ಲವೂ ಅದರಲ್ಲಿ. ಬೇಸಿಗೆಯಲ್ಲಿ ಟೊಪ್ಪಿ ಇಲ್ಲದ ಮಗುವಿಗೆ ಬಯಲಿನಲ್ಲಿ ಆಟವೇ ಇಲ್ಲವಂತೆ, ಬಿಸಿಲು ಅಷ್ಟು ಖಾರ. ಈಗ ಅಲ್ಲಿ ಚಳಿಗಾಲ. ಜುಲೈ ಕೊನೆಗೆ ಮಕ್ಕಳು ಗಿಡ ನೆಡುವ ದಿನವೂ ಬರುತ್ತದೆ, ನಮ್ಮ ವನಮಹೋತ್ಸವದ ಹಾಗೆ.

"ಅವನ ಶಾಲೆಯಲ್ಲಿ ಒಟ್ಟು ಐವತ್ತು ಮಕ್ಕಳೂ ಇಲ್ಲ. ಮೂರು ಕ್ಲಾಸಿನವರು ಒಂದೇ ಕೋಣೆಯಲ್ಲಿ ಕೂರುವುದಂತೆ. ಆದರೂ ವಾರ ವಾರ ಸುದ್ದಿ ಉಂಟು ನೋಡು" ಎಂದರು ಅಕ್ಕ. ಮತ್ತೆ ಕೇಳಿದರು: "ನಮ್ಮ ಶಾಲೆಯಲ್ಲಿ ಈ ವಾರ ಎಂತ ಆಯ್ತು ಮಾರಾಯ್ತಿ?"

ನನಗೆ ಉತ್ತರ ಹೊಳೆಯಲಿಲ್ಲ. ಶಾಲೆಯ ಗಂಟೆ ನಮ್ಮ ಅಡುಗೆಮನೆಗೆ ಕೇಳುತ್ತದೆ. ಮಧ್ಯಾಹ್ನ ಸಾಂಬಾರಿನ ಒಗ್ಗರಣೆಯ ಪರಿಮಳವೂ ಗಾಳಿ ಇತ್ತ ಬೀಸಿದರೆ ಬರುತ್ತದೆ. ಸಾವಿರಾರು ಮೈಲಿಯಾಚೆಗಿನ ಶಾಲೆಯಲ್ಲಿ ಯಾರ ಟೊಪ್ಪಿ ಕಳೆದಿದೆ ಎಂದು ಅಕ್ಕನಿಗೆ ಗೊತ್ತು. ಎರಡು ಗದ್ದೆಯಾಚೆಗಿನ ಶಾಲೆಯಲ್ಲಿ ಏನಾಯಿತೆಂದು ನಮ್ಮಿಬ್ಬರಿಗೂ ಗೊತ್ತಿಲ್ಲ. ಅದು ನನ್ನ ಮನಸ್ಸಿನಲ್ಲಿ ಕೂತಿತು. ಮರುದಿನ ಒಂದು ಕಟ್ಟು ಬಸಳೆ ಕೊಯ್ದು, ಬಿಸಿಯೂಟಕ್ಕೆ ಕೊಡುವ ನೆವದಲ್ಲಿ ಶಾಲೆಗೆ ಹೋದೆ. ಆ ವಾರವಿಡೀ ಹೋದೆ.

ಈಗ ಹೇಳುತ್ತೇನೆ, ಅಕ್ಕಾ, ಎಂತ ಆಯ್ತು ಅಂತ.

ಸೋಮವಾರ ಪ್ರಾರ್ಥನೆಗೆ ಸರಿಯಾಗಿ ತಲುಪಿದೆ. ಅಂಗಳ ಪಾಚಿ ಹಿಡಿದು ಜಾರುತ್ತಿದ್ದುದರಿಂದ ಮಕ್ಕಳು ಜಗಲಿಯಲ್ಲೇ ಸಾಲಾಗಿ ನಿಂತಿದ್ದರು, ಹಿಂದೆ ಗೋಡೆಗೆ ಒರಗಿಸಿದ ಕೊಡೆಗಳ ಸಾಲು. ನಾಡಗೀತೆಯಾದ ಮೇಲೆ ಸಂವಿಧಾನದ ಪೀಠಿಕೆ. 2023ರಿಂದ ಇದು ರಾಜ್ಯದ ಶಾಲೆಗಳಲ್ಲಿ ಬಂದಿದೆ. 6ನೆಯ ತರಗತಿಯ ಹುಡುಗಿ 'ಭಾರತದ ಪ್ರಜೆಗಳಾದ ನಾವು' ಎಂದು ಹೇಳಿಕೊಟ್ಟಳು, ಉಳಿದವರು ಹಿಂದೆ ಹೇಳಿದರು. ಮತ್ತೊಬ್ಬಳು ಪತ್ರಿಕೆ ಹಿಡಿದು ವಾರ್ತೆ ಓದಿದಳು. ದಿಲ್ಲಿ, ಬೆಂಗಳೂರು, ಕ್ರಿಕೆಟ್ಟು ಎಲ್ಲ ಬಂತು. ಅವರದೇ ಶಾಲೆಯ ಸುದ್ದಿ ಅದರಲ್ಲಿ ಇರಲಿಲ್ಲ.

ಮಂಗಳವಾರ ರಜೆ. ಹಿಂದಿನ ರಾತ್ರಿ ರೆಡ್ ಅಲರ್ಟ್ ಎಂದು ಜಿಲ್ಲಾಧಿಕಾರಿಗಳ ಆದೇಶ ಬಂದಿತ್ತು. ಮಳೆಗಾಲದ ರಾತ್ರಿಗಳಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಜಿಲ್ಲಾಧಿಕಾರಿಗಳ ಹೆಸರನ್ನು ಜಪಿಸುವಷ್ಟು ಬೇರೆ ಯಾರ ಹೆಸರನ್ನೂ ಜಪಿಸುವುದಿಲ್ಲ. ತೋಡು ದಾಟಿ, ಕಾಲುಸಂಕದ ಮೇಲೆ ಬರುವ ಮಕ್ಕಳಿರುವ ಊರಿನಲ್ಲಿ ಆ ರಜೆ ಬೇಕೇ ಬೇಕು. ಹೋದ ಪಾಠವನ್ನು ಮತ್ತೆ ಶನಿವಾರಗಳಲ್ಲಿ ತುಂಬಿಸಿಕೊಳ್ಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಊರು ಊರಿಗೆ ನೂರಾರು ಮೈಲಿ ದೂರವಾದುದರಿಂದ 1951ರಲ್ಲೇ ಆಲಿಸ್ ಸ್ಪ್ರಿಂಗ್ಸ್ ಎಂಬಲ್ಲಿಂದ ರೇಡಿಯೋ ಮೂಲಕ ಪಾಠ ಹೇಳುವ ಶಾಲೆ ಶುರು ಮಾಡಿದರು. ಅಲ್ಲಿ ಶಾಲೆಗೂ ಮಗುವಿಗೂ ನಡುವೆ ದೂರ ನಿಂತಿದೆ, ಇಲ್ಲಿ ನೀರು.

ಬುಧವಾರ ನಲಿಕಲಿ ಕೋಣೆಯಲ್ಲಿ ಕೂತೆ. 1, 2, 3ನೆಯ ತರಗತಿಯ ಮಕ್ಕಳು ಅಲ್ಲಿ ಒಟ್ಟಿಗೆ. ಅಕ್ಕನ ಪುಳ್ಳಿಯ ಕ್ಲಾಸಿನ ಹಾಗೆಯೇ! ಈ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಸೇರಿ ಕಟ್ಟಿದ್ದು. ಆಮೇಲೆ ರಾಜ್ಯವಿಡೀ ಹಬ್ಬಿತು. ತಲೆಯ ಮೇಲೆ ಹಗ್ಗ ಎಳೆದು ಮಕ್ಕಳ ಚಿತ್ರ, ಅಕ್ಷರಗಳ ಚಪ್ಪರ ಕಟ್ಟಿದ್ದಾರೆ. ಗೋಡೆಯ ಕೆಳಭಾಗದಲ್ಲಿ ಒಬ್ಬೊಬ್ಬರಿಗೂ ಒಂದೊಂದು ತುಂಡು ಕಪ್ಪುಹಲಗೆ. ಮಗು ತನ್ನ ಮೆಟ್ಟಿಲಿನ ಕಾರ್ಡನ್ನು ತಾನೇ ತೆಗೆದುಕೊಂಡು, ಗುಂಪಿನಲ್ಲಿ ಕೂತು, ಮುಗಿದ ಮೇಲೆ ಟೀಚರಿಗೆ ತೋರಿಸುತ್ತದೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವ ಮಕ್ಕಳು. ಅವರಿಗೆ ಕನ್ನಡ ಶಾಲೆಯಲ್ಲೇ ಸಿಗುವ ಭಾಷೆ. 'ಮಳೆ' ಎಂದು ಬರೆಯುತ್ತಿದ್ದ ಒಬ್ಬ ಸಣ್ಣವನಿಗೆ ಳ ಅಕ್ಷರದ ಹೊಟ್ಟೆ ತಿರುಗಿಸಲು ಬರಲಿಲ್ಲ. ಪಕ್ಕದ 3ನೆಯ ಕ್ಲಾಸಿನವಳು ಅವನ ಕೈಯ ಮೇಲೆ ಕೈ ಇಟ್ಟು ತಿರುಗಿಸಿದಳು. ಟೀಚರ್ ಹೇಳುವ ಮೊದಲೇ ಆಯಿತು ಅದು. ಆ ಟೀಚರಿಗೆ ಊರಿನವರೂ ಶಾಲೆಯ ಸಮಿತಿಯೂ ಸೇರಿ ಗೌರವಧನ ಕೊಡುವುದು. ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಹೀಗೆ ಗೌರವ ಶಿಕ್ಷಕಿಯರು, ಧರ್ಮಸ್ಥಳದ ಜ್ಞಾನದೀಪ ಯೋಜನೆಯ ಶಿಕ್ಷಕಿಯರು ಕ್ಲಾಸು ನಡೆಸುತ್ತಿದ್ದಾರೆ. ಅವರಿಲ್ಲದಿದ್ದರೆ ಎಷ್ಟೋ ಬಾಗಿಲು ತೆರೆಯುತ್ತಿರಲಿಲ್ಲ.

ಮಧ್ಯಾಹ್ನ, ನಾನು ಸೋಮವಾರ ಕೊಟ್ಟ ಬಸಳೆ ಸಾಂಬಾರಾಗಿ ಬಂತು. ಅಕ್ಷರ ದಾಸೋಹ ನಮ್ಮ ಮಕ್ಕಳಿಗೆ ಹೊಸತಲ್ಲ, 2013ರಿಂದ ಕ್ಷೀರಭಾಗ್ಯದ ಹಾಲು, 2024ರಿಂದ ವಾರಕ್ಕೆ 6 ದಿನ ಮೊಟ್ಟೆ ಅಥವಾ ಬಾಳೆಹಣ್ಣು. ಬಡಿಸುವಾಗ 'ಆಹಾರ ಮಂತ್ರಿ' ಸಾಲಿನ ತುದಿಯಲ್ಲಿ ನಿಂತಿದ್ದಳು. ಜೂನಿನಲ್ಲಿ ಶಾಲಾ ಸಂಸತ್ತಿನ ಚುನಾವಣೆ ಆಗಿದೆ. ನಾಮಪತ್ರ, ಪ್ರಚಾರ, ಮೊಬೈಲಿನಲ್ಲಿ ಮತಯಂತ್ರ, ಬೆರಳಿಗೆ ಶಾಯಿ, ಎಲ್ಲ ಕ್ರಮಪ್ರಕಾರ. ನೀರಾವರಿ ಮಂತ್ರಿಗೆ ಮಳೆಗಾಲದಲ್ಲಿ ಕೆಲಸ ಕಡಿಮೆ, ಹಾಗಾಗಿ ಅವನು ಕೈತೋಟದ ಬೆಂಡೆ ಸಾಲಿಗೆ ನೀರು ನಿಲ್ಲದ ಹಾಗೆ ಕಣಿ ಬಿಡಿಸುತ್ತಿದ್ದ. ಊಟದ ಬಟ್ಟಲು ತೊಳೆದ ನೀರು ಅಡಿಕೆ ಗಿಡದ ಬುಡಕ್ಕೆ ಹೋಗುವಂತೆ ಪೈಪು ತಿರುಗಿಸಿದ್ದೂ ಅವನ ಕಾಲದಲ್ಲೇ ಎಂದು ಆಹಾರ ಮಂತ್ರಿ ನನಗೆ ಗುಟ್ಟಾಗಿ ಹೇಳಿದಳು.

ಗುರುವಾರ ಸಂಜೆ ಚೆಂಡೆಯ ಸದ್ದು. ವಾರಕ್ಕೊಂದು ದಿನ ಯಕ್ಷಗಾನದ ಗುರುಗಳು ಬಂದು ಹೆಜ್ಜೆ ಹೇಳಿಕೊಡುತ್ತಾರೆ. ಪಟ್ಲ ಫೌಂಡೇಶನ್ನಿನ ಯಕ್ಷಶಿಕ್ಷಣ ಜಿಲ್ಲೆಯ ಹಲವು ಶಾಲೆಗಳಿಗೆ ಹೋಗಿದೆ. ಎಷ್ಟೋ ಕಡೆ ಊರಿನ ಕಲಾವಿದರೇ ಸಮಯ ಕೊಡುತ್ತಾರೆ. ಹುಡುಗಿಯರೇ ಹೆಚ್ಚು. ನಾನು ಸಣ್ಣವಳಿದ್ದಾಗ ಹುಡುಗಿಯರು ಆಟ ನೋಡಬಹುದಿತ್ತು, ಕುಣಿಯುವ ಮಾತೇ ಇರಲಿಲ್ಲ. ಬೆಂಚು ಬದಿಗೆ ಸರಿಸಿದ ಕ್ಲಾಸಿನಲ್ಲಿ ಯೂನಿಫಾರ್ಮಿನಲ್ಲೇ ಅವರು ತೈ ತೈ ಎಂದು ತಿರುಗುವಾಗ ಕಣ್ಣು ತುಂಬಿ ಬಂತು.

ಶುಕ್ರವಾರದ್ದು ದೊಡ್ಡ ಸುದ್ದಿ ಏನಿಲ್ಲ, ಪ್ರತಿಭಾ ಕಾರಂಜಿಗೆ ಅಭಿನಯಗೀತೆಯ ಅಭ್ಯಾಸ.

ಶನಿವಾರದ್ದು ಹೇಳಲೇಬೇಕು. ತಿಂಗಳ 3ನೆಯ ಶನಿವಾರ ಬ್ಯಾಗಿಲ್ಲದೆ ಬರುವ 'ಸಂಭ್ರಮ ಶನಿವಾರ'. ಆ ದಿನ ಜಗಲಿಯಲ್ಲಿ ಮೆಟ್ರಿಕ್ ಮೇಳ ಇಟ್ಟಿದ್ದರು, ಅಂದರೆ ಮಕ್ಕಳ ಸಂತೆ. ಗೋಣಿ ಹಾಸಿ ಕೂತ ವ್ಯಾಪಾರಿಗಳ ಮುಂದೆ ತೇವು, ಕಣಿಲೆ, ಅಂಬಟೆ, ಬಾಳೆದಂಡು, ಒಣ ಪುನರ್ಪುಳಿ, ಒಂದು ಮೂಲೆಯಲ್ಲಿ ಚರುಮುರಿ. 4ನೆಯ ತರಗತಿಯ ಒಬ್ಬ ಹುಡುಗ ಹಲಸಿನ ಬೀಜ ಇಟ್ಟಿದ್ದ, ಕೆಮ್ಮಣ್ಣು ಬಳಿದು ಬೇಸಿಗೆಯಿಂದ ಕಾದಿಟ್ಟದ್ದು. ಕಿಲೋಗೆ 40 ರೂಪಾಯಿ. ನಾನು ಬೇಕೆಂದೇ 300 ಗ್ರಾಂ ಕೇಳಿದೆ. ಅವನು ನನ್ನ ಮುಖ ನೋಡಿದ. ತಕ್ಕಡಿಗೆ 200ರ ಕಲ್ಲು, 100ರ ಕಲ್ಲು ಹಾಕಿದ. ಬೀಜ ಒಂದೊಂದೇ ಬಿಟ್ಟ. ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಉಸಿರು ಹಿಡಿದಿದ್ದ. ಆಮೇಲೆ ಅಂಗೈಯಲ್ಲಿ ಪೆನ್ನಿನಿಂದ '100ಕ್ಕೆ 4' ಎಂದು ಬರೆದು, ಅದರ ಕೆಳಗೆ 12 ಎಂದು ಬರೆದು ಕೈಯನ್ನೇ ನನಗೆ ತೋರಿಸಿದ. 20ರ ನೋಟು ಕೊಟ್ಟೆ. 8 ರೂಪಾಯಿ ಎಣಿಸಿ ಕೊಟ್ಟು, ಮೇಲಿಂದ ಒಂದು ಬೀಜ ಹಾಕಿದ. "ಅದು ಕೊಸರು" ಎಂದ. ಗುಣಿಸುವುದು ಪುಸ್ತಕದಲ್ಲಿ ಉಂಟು, ಕೊಸರು ಹಾಕುವುದನ್ನು ಅವನ ಅಜ್ಜಿ ಹೇಳಿಕೊಟ್ಟಿರಬೇಕು.

ಇಷ್ಟೆಲ್ಲ ಒಂದೇ ವಾರದಲ್ಲಿ, ಅದರಲ್ಲೂ ಒಂದು ದಿನ ರಜೆ. ಇದು ಯಾರಿಗೂ ಗೊತ್ತಿಲ್ಲವಲ್ಲ ಎಂದು ನನ್ನ ಸಂಕಟ. ಪತ್ರಿಕೆಗಳನ್ನು ದೂರುವುದಿಲ್ಲ. ಊರಿನ ಸುದ್ದಿಗೆ ಇಷ್ಟು ಜಾಗ ಕೊಡುವ ಪತ್ರಿಕೆಗಳು ನಮ್ಮ ಜಿಲ್ಲೆಯಲ್ಲಿ ಇರುವಷ್ಟು ಬೇರೆಲ್ಲಿ ಉಂಟು? ಉದಯವಾಣಿಯ ಸುದಿನ ಪುಟಗಳಲ್ಲಿ, ಬೆಳ್ತಂಗಡಿಯ ಸುದ್ದಿ ಬಿಡುಗಡೆಯಲ್ಲಿ ಹಳ್ಳಿ ಶಾಲೆಯ ವಾರ್ಷಿಕೋತ್ಸವವೂ ಬರುತ್ತದೆ, ಕಬಡ್ಡಿಯಲ್ಲಿ ಗೆದ್ದ ತಂಡದ ಫೋಟೋವೂ ಬರುತ್ತದೆ. ಆದರೆ ಳ ತಿರುಗಿಸಲು ಕಲಿತ ಮಗು ಪತ್ರಿಕೆಗೆ ಸುದ್ದಿಯಲ್ಲ. ನಮಗೆ ಅದು ಸುದ್ದಿಯಾಗಬೇಕು.

ಬೆಳಿಗ್ಗೆ ನಮ್ಮ ರಸ್ತೆಯಲ್ಲಿ ಬಂಟ್ವಾಳದ ಕಡೆಗೂ ಮೂಡುಬಿದಿರೆಯ ಕಡೆಗೂ ದೂರದ ಶಾಲೆಗಳ ಹಳದಿ ವ್ಯಾನುಗಳು ಮಕ್ಕಳನ್ನು ತುಂಬಿಕೊಂಡು ಹೋಗುತ್ತವೆ. ಮಕ್ಕಳನ್ನು ಎಲ್ಲಿಗೆ ಕಳುಹಿಸಬೇಕೆಂಬುದು ತಂದೆತಾಯಿಗೆ ಬಿಟ್ಟದ್ದು, ನಾನು ತಪ್ಪು ಹೇಳುವುದಿಲ್ಲ. ಆದರೆ ಹತ್ತಿರದ ಶಾಲೆಯಲ್ಲಿ ಏನು ನಡೆಯುತ್ತದೆ ಎಂದು ತಿಳಿದು ನಿರ್ಧರಿಸಿದವರು ಎಷ್ಟು ಮಂದಿ? ನಮ್ಮ ಬಂಟ್ವಾಳ ತಾಲೂಕಿನದೇ ದಡ್ಡಲಕಾಡು ಶಾಲೆ ಮಕ್ಕಳಿಲ್ಲದೆ ಮುಚ್ಚುವ ಹಂತಕ್ಕೆ ಬಂದಿತ್ತು. ಕರೆಂಕಿಯ ಶ್ರೀ ದುರ್ಗಾ ಫ್ರೆಂಡ್ಸ್ ಕ್ಲಬ್ಬಿನ ಯುವಕರು ಅದನ್ನು ದತ್ತು ತೆಗೆದುಕೊಂಡರು, ಕಟ್ಟಡ ಎಬ್ಬಿಸಿದರು, ವಾಹನ ಹೊಂದಿಸಿದರು, ಮನೆಮನೆಗೆ ಹೋಗಿ ಮಾತಾಡಿದರು. ಇವತ್ತು ಅಲ್ಲಿಗೆ ದೂರದೂರದಿಂದ ಮಕ್ಕಳು ಬರುತ್ತಾರೆ. ಶಾಲೆಯ ಒಳಗೆ ಹೋಗಿ ನೋಡದೆ ಇದೆಲ್ಲ ಆಗುವಂಥದ್ದಲ್ಲ. ನೋಡಿದವನಿಗೆ ಮಾತ್ರ ಮರುಕ ಹುಟ್ಟುತ್ತದೆ.

ನೋಡುವ ವಿಷಯದಲ್ಲಿ ಬಂಟ್ವಾಳಕ್ಕೆ ಒಬ್ಬ ಹಿರಿಯರಿದ್ದರು. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಬಂಟ್ವಾಳದಲ್ಲೇ. ಶಾಲೆಗಳ ಇನ್‌ಸ್ಪೆಕ್ಟರಾಗಿದ್ದವರು, ಮಕ್ಕಳ ಮುಂದೆ ನಿಂತು ಮಕ್ಕಳ ಮಾತು ಕೇಳಿದವರು. ಹಿತ್ತಿಲಿನ ಹಾವನ್ನೂ ಕಡಲಿನಿಂದ ಬೀಸುವ ಗಾಳಿಯನ್ನೂ ಮಕ್ಕಳ ಪದ್ಯಕ್ಕೆ ತಂದರು. ಮಗುವಿನ ಸುತ್ತಮುತ್ತ ಇರುವುದೇ ಮಗುವಿಗೆ ಪಾಠ ಎಂದು ಅವರು ಎಂದೋ ಕಂಡುಕೊಂಡಿದ್ದರು.

ಭಾನುವಾರ ತಡಮೆಯ ಹತ್ತಿರ ಅಕ್ಕನಿಗೆ ಇದನ್ನೆಲ್ಲ ಹೇಳಿ ಮುಗಿಸುವಾಗ ಕತ್ತಲಾಗಿತ್ತು. ಅವರು ಸುಮ್ಮನೆ ಕೇಳಿದರು. ಆಮೇಲೆ, "ಇದನ್ನು ಯಾರಾದರೂ ಬರೆದು ಹಾಲಿನ ಡೈರಿಯಲ್ಲಿ ಅಂಟಿಸಿದರೆ ಆಗದಾ?" ಎಂದರು.

ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಾಲು ಹಾಕಲು ಬೆಳಿಗ್ಗೆ ಸಂಜೆ ಎರಡು ಹೊತ್ತೂ ಜನ ಬರುತ್ತಾರೆ, ಕ್ಯಾನು ಅಳೆಯುವವರೆಗೆ ನಿಲ್ಲುತ್ತಾರೆ. ಸೋಮವಾರ ಮುಖ್ಯೋಪಾಧ್ಯಾಯಿನಿಯವರಲ್ಲಿ ಕೇಳಿದೆ. ಅವರಿಗೆ ಮೊದಲೇ ಸಭೆ, ವರದಿ, ಆನ್‌ಲೈನಿನಲ್ಲಿ ತುಂಬಿಸುವ ಲೆಕ್ಕ ಎಂದು ಕೈತುಂಬ ಕೆಲಸ. ಅವರ ತಲೆಗೆ ಇನ್ನೊಂದು ಹೊರೆ ಹೊರಿಸಬಾರದು. ಮಕ್ಕಳೇ ಬರೆಯಲಿ ಎಂದರು ಅವರು, ಕಾಗುಣಿತ ಮಾತ್ರ ತಾನು ನೋಡುತ್ತೇನೆ ಎಂದರು. 6, 7ನೆಯ ತರಗತಿಯ ನಾಲ್ವರು ಸೇರಿ ಪಟ್ಟಿಯ ಹಾಳೆಯಲ್ಲಿ ಬರೆದರು. ಬಲಬದಿಗೆ ಬಾಳೆದಂಡಿನ ಚಿತ್ರ. ಕೊನೆಯ ಸಾಲು ಹೀಗಿತ್ತು: ನೀಲಿ ಕೊಡೆ ಒಂದು ಸಿಕ್ಕಿದೆ, ಹಿಡಿ ತುಂಡಾಗಿದೆ, ಯಾರದ್ದೆಂದು ಹೇಳಿ ಕೊಂಡುಹೋಗಬೇಕು.

ಮೂರನೆಯ ದಿನ ಒಬ್ಬರು ಅಜ್ಜ ಹಾಲಿನ ಕ್ಯಾನು ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, ಆ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಕೊಡೆ ಅವರ ಮೊಮ್ಮಗಳದ್ದು. ಅದನ್ನು ತರಲು ಶಾಲೆಗೆ ಹೋದವರು ಊಟದ ಹೊತ್ತಿನವರೆಗೆ ಅಲ್ಲೇ ಕೂತಿದ್ದರಂತೆ.

ನೀವು ಸಂಗಬೆಟ್ಟಿನವರಿರಲಿ, ಪೂಂಜದವರಿರಲಿ, ವೇಣೂರಿನವರಿರಲಿ, ನಿಮ್ಮ ಮನೆಗೂ ಒಂದು ಶಾಲೆಯ ಗಂಟೆ ಕೇಳುತ್ತಿರುತ್ತದೆ. ಒಂದು ಸಲ ಹೋಗಿ ಬನ್ನಿ. ಕೈಯಲ್ಲಿ ಒಂದು ಸೌತೆಕಾಯಿ ಇದ್ದರೆ ಸಾಕು, ಮಾತಿಗೆ ಶುರುವಾಗುತ್ತದೆ. ಶನಿವಾರ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಆ ದಿನ ಅರ್ಧ ದಿನದ ಶಾಲೆ.